ಉಡಿ ತುಂಬಿಸಿಕೊಂಡ ಸಂಡಾಸ

ದಾನದ ಮೇಲೆ ನನಗೆ ನಂಬಿಕೆಯಿಲ್ಲ. ಹಾನಗಲ್ಲಿನ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ನಿಂತು ನಾನು ಹೇಳಿದ ಮೊದಲ ವಾಕ್ಯವೇ ಇದು. ಎದುರು ಪಕ್ಷದ ಹುಡುಗ ಕೆರೆ ಕಟ್ಟಿಸಿದವರು, ಬಾವಿ ತೋಡಿಸಿದವರು, ಛತ್ರ ಕಟ್ಟಿಸಿದವರು ಎಂದು ಪುಣ್ಯವಂತರನ್ನು ಸಾಲಾಗಿ ನಿಲ್ಲಿಸಿದ. “ಛತ್ರ ಕಟ್ಟಿಸಿದವನು ಒಂದು ರಾತ್ರಿಯಾದರೂ ಆ ಛತ್ರದಲ್ಲಿ ಮಲಗಿದ್ದನ್ನು ತಾವು ಕಂಡಿದ್ದೀರಾ?” ಎಂದು ಕೇಳಿದೆ. ಸಭೆ ನಕ್ಕಿತು, ಬಹುಮಾನದ ಢಾಲು ನನಗೆ ಬಂತು. ಮಕ್ಕಳಿಗೆ ಶಾಲೆ ಬೇಕಾದರೆ ಅದು ಅವರ ಹಕ್ಕು, ಯಾರದೋ ಪುಣ್ಯದ ಗಂಟಿನಿಂದ ಉದುರಿದ ಕಾಳಲ್ಲ. ಈಗಲೂ ಹಾಗೆಯೇ ಅನ್ನುತ್ತೇನೆ. ಆದರೆ ವೇದಿಕೆಯ ಮೇಲೆ ಗೆದ್ದ ಮಾತು ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಆ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ದುಂಡಸಿಯಲ್ಲಿ ಬಸ್ಸಿಳಿದು ನಡೆದು ಹೋಗುವ ಊರು. ಆ ವರ್ಷ ದೀಪಾವಳಿ ಮುಗಿದು ಊರ ಶಾಲೆ ಸುರುವಾಗಿತ್ತು, ನಮ್ಮ ಕಾಲೇಜಿಗೆ ಇನ್ನೂ ರಜೆಯಿತ್ತು. ನಡು ಮುಂಜಾನೆಯಲ್ಲಿ ಮನೆಗೆ ಬಂದರೆ, ಶಾಲೆಯಲ್ಲಿರಬೇಕಾದ ತಂಗಿ ಪಡಸಾಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು.

“ಶಾಲಿ ಇಲ್ಲೇನ ಇವತ್ತ?”

“ಶಾಲಿ ಐತಿ. ನಾ ಇಲ್ಲ,” ಎಂದಳು, ತಲೆ ಎತ್ತದೆ.

ಅವ್ವ ಒಳಗಿನಿಂದಲೇ ಹೇಳಿದಳು: “ಆಕಿ ದೊಡ್ಡಾಕಿ ಆಗ್ಯಾಳ. ಕಲ್ತಿದ್ದು ಸಾಕಿನ್ನ.”

“ಯವ್ವಾ, ಏಳನೇತ್ತೆ ಅದಾಳ. ಮುಲ್ಕಿ ಪರೀಕ್ಷಾ ಹತ್ತರ ಬಂತು. ಪಾಸಾದ್ರ ಮಾಸ್ತರಕಿಗೆ ಹೋಗಬಹುದು.”

“ಅಲ್ಲೀತನಕ ಹೊಟ್ಟಿ ಬಿಗಿಹಿಡಕೊಂಡ ಕುಂದ್ರಲೇನ ಆಕಿ? ನಿನಗೇನಪಾ, ಗಂಡಸ. ಗೋಡಿ ಕಂಡಲ್ಲೆ ನಿಂದರ್ತಿ.”

ಅವ್ವ ಹೇಳಿದ್ದು ಸುಳ್ಳಲ್ಲ. ಶಾಲೆ ಊರ ಹೊರಗೆ, ರಸ್ತೆಯ ದಂಡೆಗೆ. ಸುತ್ತ ಪೀಕು ತೆಗೆದ ಬೋಳು ಹೊಲ. ಮರೆಗೆ ಒಂದು ಗಿಡವಿಲ್ಲ. ಊರ ಹೆಂಗಸರು ಚರಿಗೆ ಹಿಡಿದು ಬೆಳಕು ಹರಿಯುವ ಮೊದಲೊಮ್ಮೆ, ಕತ್ತಲಾದ ಮೇಲೊಮ್ಮೆ ಬಯಲಿಗೆ ಹೋಗುತ್ತಾರೆ. ನಡುವಿನ ಹೊತ್ತು ಅವರ ಪಾಲಿಗಿಲ್ಲ. ಶಾಲೆಯಲ್ಲಿ ಪರದೇಶದವರು ಧರ್ಮಕ್ಕೆ ಕಳಿಸಿದ ಹಾಲಿನ ಪುಡಿಯನ್ನು ದೊಡ್ಡ ಪಾತ್ರೆಯಲ್ಲಿ ಕಾಸಿ ಕೊಡುತ್ತಿದ್ದರು. ದೊಡ್ಡ ಹುಡುಗಿಯರು ಅದನ್ನು ಮುಟ್ಟುತ್ತಿರಲಿಲ್ಲ, ಪಕ್ಕದ ಹುಡುಗರ ಲೋಟಕ್ಕೆ ಸುರುವಿಬಿಡುತ್ತಿದ್ದರು. ಕುಡಿದರೆ ಮುಂದಿನ ದಾರಿ? ಸಮುದ್ರ ದಾಟಿ ಬಂದ ದಾನ ನಮ್ಮ ಶಾಲೆಯ ಹಿತ್ತಲು ದಾಟದೆ ನಿಂತಿತ್ತು.

“ಅಲ್ಲ, ಸವಣೂರ ಸಾವಕಾರ್ರು ಹುಡುಗೇರಿಗಂತನ ಸಂಡಾಸ ಕಟ್ಟಿಸ್ಯಾರಲ್ಲ!” ಎಂದೆ. ಬರುವಾಗ ನಾನೇ ನೋಡಿದ್ದೆ. ಶಾಲೆಯ ಹಿಂದೆ ಸುಣ್ಣ ಬಳಿದ ಎರಡು ಕೋಣೆ, ತಗಡಿನ ಬಾಗಿಲು.

ತಂಗಿ ಈಗ ತಲೆ ಎತ್ತಿದಳು. “ಅಣ್ಣಾ, ಅದು ಸಂಡಾಸಲ್ಲ. ಗುಡಿ.”

ಆದದ್ದು ಹೀಗೆ. ಸವಣೂರಿನ ಆ ಸಾಹುಕಾರರದು ಶೇಂಗಾ ಕೊಂಡು ಮಾರಿಸುವ ಅಡತಿ ಅಂಗಡಿ. ಅವರ ತಾಯಿಗೆ ನಮ್ಮೂರು ತವರು. ಆ ತಾಯಿ ಗಂಡನಿಗಿಂತ ಮೊದಲು, ಮುತ್ತೈದೆಯಾಗಿ ತೀರಿಕೊಂಡವಳು. ಅವಳ ನೆನಪಿಗೆ ಮಗ ಸಂಡಾಸ ಕಟ್ಟಿಸಿದರು. ದಾನ ಕೊಟ್ಟವರ ರೂಢಿಯಂತೆ ಬಾಗಿಲ ಮೇಲೆ ತಾಯಿಯ ಹೆಸರಿನ ಕಲ್ಲನ್ನೂ ಕೂರಿಸಿದರು. ಇಲ್ಲಿಯವರೆಗೆ ಸರಿ. ಉದ್ಘಾಟನೆಯ ದಿನ ಊರ ಹಿರಿಯರಿಗೆ ಭಕ್ತಿ ಉಕ್ಕಿತು. ಊರ ಮಗಳು, ಮುತ್ತೈದೆ ಸಾವು ಪಡೆದ ಪುಣ್ಯವಂತೆ, ಕಲ್ಲಿನ ರೂಪದಲ್ಲಿ ತವರಿಗೆ ಬಂದಿದ್ದಾಳೆ. ಬರಿಗೈಯಲ್ಲಿ ಹೇಗೆ ಬರಮಾಡಿಕೊಳ್ಳುವುದು? ಐದು ಜನ ಮುತ್ತೈದೆಯರು ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದರು. ಆ ಐವರಲ್ಲಿ ನಮ್ಮವ್ವನೂ ಒಬ್ಬಳು.

“ನಾನ ಕೈಯಾರೆ ಉಡಿ ತುಂಬಿ ಬಂದೇನಿ,” ಎಂದಳು ಅವ್ವ. “ಅಂಥಾದ್ರಾಗ ಮಗಳನ್ನ ಚರಿಗಿ ಕೊಟ್ಟು ಕಳಸಲೇನ? ನಾಲಿಗಿ ಬಿದ್ದೀತು.”

“ಯವ್ವಾ, ಅದನ್ನ ಕಟ್ಟಿಸಿದ್ದ ಆ ಕೆಲಸಕ್ಕ!”

“ಕಟ್ಟುವಾಗ ಆ ಕೆಲಸಕ್ಕಿತ್ತು. ಉಡಿ ತುಂಬಿದ ಮ್ಯಾಲೆ ಅಲ್ಲ.”

“ಹಂಗಾರ ಬಳಸೋಹಂಗ ಆದ್ರ ಈಕಿನ್ನ ಶಾಲಿಗೆ ಕಳಸ್ತಿ?”

“ಆಗ್ಲಿ. ಕಳಸ್ತೇನಿ.”

ಮಾತು ಕೊಟ್ಟಳು. ಅಪ್ಪ ಇದೆಲ್ಲ ಹೆಂಗಸರ ಪಂಚಾಯಿತಿ ಎಂದು ಎತ್ತುಗಳ ಕಡೆ ಹೋಗಿಬಿಟ್ಟ.

ಮೊದಲು ಹೆಡ್‌ಮಾಸ್ತರರ ಹತ್ತಿರ ಹೋದೆ. ನನಗೆ ಮಗ್ಗಿ ಕಲಿಸಿದವರು ಅವರೇ. ಸಂಡಾಸಕ್ಕೆ ಕೀಲಿ ಹಾಕಿತ್ತು. ಒಂದು ಕೋಣೆಯಲ್ಲಿ ನಕಾಶೆಗಳನ್ನು ಸುತ್ತಿಟ್ಟಿದ್ದರು. ಹೊಸ್ತಿಲ ಮೇಲೆ ಕುಂಕುಮ. ಒಂದು ಮಾತು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು: ಕೀಲಿ ತೆಗೆಯುವ ಮುಂಚೆ ಹೆಡ್‌ಮಾಸ್ತರರು ಚಪ್ಪಲಿ ಬಿಟ್ಟರು.

“ಸರ್, ಹೆಸರು ಕೆತ್ತಿದ ಮಾತ್ರಕ್ಕ ಕಲ್ಲು ದೇವರಾಗೋದಾದ್ರ, ರಸ್ತೆ ಮ್ಯಾಲಿನ ಮೈಲಿಗಲ್ಲಿಗೂ ಉಡಿ ತುಂಬಬೇಕಲ್ರಿ?”

“ಖರೇ ಐತಪಾ.”

“ಹುಡುಗೇರು ಶಾಲಿ ಬಿಡಾಕತ್ತಾರ. ಪಾಪ ಯಾವುದು ದೊಡ್ಡದು? ಇದೋ, ಅದೋ?”

“ನೀ ಹೇಳೋದು ನೂರಕ್ಕ ನೂರ ಖರೇ ಐತಿ.”

“ಹಂಗಾರ ನಾಳೆಯಿಂದ ತೆಗೀರಿ.”

“ತೆಗೀಬಹುದು. ಆದ್ರ ಮೊದಲ ಯಾರ ಮಗಳ್ನ ಒಳಗ ಕಳಸೂಣು? ನಿಮ್ಮವ್ವನ್ನ ಕೇಳ್ಕೊಂಡ ಬಾ,” ಎಂದು ಮತ್ತೆ ಕೀಲಿ ಹಾಕಿದರು.

ಎದುರಾಳಿ ಪ್ರತಿ ಮಾತಿಗೂ ಹೌದು ಎನ್ನುತ್ತಿದ್ದರೆ ವಾದಿಸುವವನು ಏನು ಮಾಡಬೇಕು? ಅಲ್ಲ ಎನ್ನುವವನನ್ನು ಸೋಲಿಸಬಹುದು. ಹೌದು ಎಂದು ಕೀಲಿಕೈಯನ್ನು ಕಿಸೆಗೆ ಹಾಕಿಕೊಳ್ಳುವವನ ಮುಂದೆ ಭಾಷೆಯೇ ದಂಡ.

ಮೂಲವನ್ನೇ ಹಿಡಿಯೋಣವೆಂದು ಸವಣೂರಿಗೆ ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಸಾಣೆ ಹಿಡಿದೆ. ಸಾಹುಕಾರರೆಂದರೆ ಹೆಸರಿನ ಹಸಿವಿನ ದೊಡ್ಡ ಹೊಟ್ಟೆಯ ಮನುಷ್ಯನನ್ನು ಕಲ್ಪಿಸಿಕೊಂಡಿದ್ದೆ. ಗಾದಿಯ ಮೇಲೆ ಕೂತಿದ್ದವರು ಸಣಕಲ ಮನುಷ್ಯ, ಕೆಮ್ಮುತ್ತಿದ್ದರು. ತಮ್ಮ ಅವ್ವನ ತವರೂರಿನವನು ಎಂದು ಎದ್ದು ನಿಂತು ಬರಮಾಡಿಕೊಂಡರು. ಅದರಿಂದ ನನ್ನ ಅರ್ಧ ಭಾಷಣ ಕೆಟ್ಟಿತು.

ಉಳಿದರ್ಧ ಹೇಳಿದೆ. ಆ ಕಲ್ಲು ತೆಗೆಸಿಬಿಡಿ, ಶಾಲೆಯ ಗೋಡೆಗೆ ಕೂರಿಸಿ ಎಂದೆ.

ಅವರ ಮುಖ ಸಣ್ಣದಾಯಿತು. “ನಮ್ಮವ್ವನ ಹೆಸರ ಕಿತ್ತ ಹಾಕು ಅಂತಿ?”

“ನೀವು ದಾನ ಕೊಟ್ಟದ್ದು ಹುಡುಗೇರಿಗೋ, ನಿಮ್ಮವ್ವಗೋ?”

“ಇಬ್ಬರಿಗೂ ಕೊಡಬಾರದಂತ ಕಾಯ್ದೆ ಐತೇನ?” ಎಂದರು. ಸ್ವಲ್ಪ ಹೊತ್ತು ಕೆಮ್ಮಿ, “ತಮ್ಮಾ, ನಮ್ಮವ್ವ ತವರಮನಿಗೆ ಹೋದಾಗೆಲ್ಲಾ ಮಧ್ಯಾನದ ಮ್ಯಾಲೆ ನೀರು ಕುಡೀತಿದ್ದಿಲ್ಲ. ಸಣ್ಣಾಂವಿದ್ದೆ, ಯಾಕಂತ ತಿಳೀತಿದ್ದಿಲ್ಲ. ಸಾಯೂ ಮುಂದ ಹೇಳಿದ್ಲು, ನಡುರಾತ್ರಿ ಬಯಲಿಗೆ ಹೋಗೂ ಅಂಜಿಕಿ ಅಂತ. ಗುಡಿ ಕಟ್ಟಸು ಅಂತ ನಮ್ಮ ಸ್ವಾಮಿಗೋಳು ಅಂದ್ರು. ನಾ ಬ್ಯಾಡಂದೆ, ಇದನ್ನ ಕಟ್ಟಸಿದೆ,” ಎಂದರು.

ಗುಡಿ ಬೇಡವೆಂದು ಸಂಡಾಸ ಕಟ್ಟಿಸಿದ ಮನುಷ್ಯ! ನಮ್ಮೂರವರು ಅದನ್ನು ತಿರುಗಿ ಗುಡಿ ಮಾಡಿಟ್ಟಿದ್ದರು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಹೋಯಿತು. ಉಡಿ ತುಂಬಿದ ಕಲ್ಲನ್ನು ಕೀಳಿಸಲು ಮಾತ್ರ ಅವರು ಒಪ್ಪಲಿಲ್ಲ. “ನಾನ ಬಂದು ಹೇಳ್ತೇನಿ. ನನ್ನ ಮಾತು ಕೇಳ್ತಾರ ಬಿಡು,” ಎಂದರು.

ಬಂದರು, ಖರೆ. ಸಂಡಾಸದ ಮುಂದೆ ಊರನ್ನು ಕೂಡಿಸಿ, ಈ ಊರಿನ ಮಗಳು ಹೇಗೆ ಬಾಯಾರಿಕೆಯಲ್ಲೇ ಸಂಜೆಗಳನ್ನು ಕಳೆದಳು ಎಂಬುದನ್ನು ಹೇಳಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಈಗ ಕೆಲಸವಾಯಿತು ಎಂದುಕೊಂಡೆ. ಅಷ್ಟರಲ್ಲಿ ಒಬ್ಬ ಮುದುಕಿ, “ಎಂಥಾ ಸತ್ಯವಂತಿ ಇದ್ಲಪಾ ನಮ್ಮವ್ವ!” ಎನ್ನುತ್ತ ಎದ್ದು ಕಲ್ಲಿನ ಮುಂದೆ ಅಡ್ಡಬಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಯಾರೋ ಓಡಿಹೋಗಿ ಕಾಯಿ ತಂದರು. ನನ್ನೆದುರೇ ಸಂಡಾಸಕ್ಕೆ ಎರಡನೆಯ ಸಲ ಪೂಜೆಯಾಯಿತು.

ಪೂಜೆ ಮುಗಿದ ಮೇಲೆ ಸಾಹುಕಾರರು ನಮ್ಮ ಮನೆಗೆ ಚಹಾಕ್ಕೆ ಬಂದರು. ಚಹಾ ತಂದ ತಂಗಿ ಕಪ್ಪು-ಬಸಿ ಕೆಳಗಿಟ್ಟು ಅಲ್ಲೇ ನಿಂತಳು.

“ಕಾಕಾ, ಅದು ಗುಡಿ ಆತು, ಆಗ್ಲಿ ಬಿಡ್ರಿ. ಬಾಜೂಕ ಇನ್ನೊಂದು ಕಟ್ಟಸ್ರಿ. ಹೆಸರು ಹಾಕಬ್ಯಾಡ್ರಿ, ಉದ್ಘಾಟನಾ ಮಾಡಬ್ಯಾಡ್ರಿ. ಸುಮ್ಮನ ಬಾಗಿಲ ತೆಗೆದ ಹೋಗ್ರಿ.”

ಅವ್ವ ಒಳಗಿನಿಂದ, “ಏ, ಬಾಯಿಮುಚ್ಚ! ದೊಡ್ಡವರ ಮುಂದ ಎಂಥಾ ಮಾತು!” ಎಂದು ಗದರಿದಳು. ಸಾಹುಕಾರರು ಮಾತ್ರ ಅಂದು ಮೊದಲ ಸಲ ನಕ್ಕರು. “ಕಟ್ಟಸೂಣವಾ. ಈ ವರ್ಷ ಶೇಂಗಾದ ಪ್ಯಾಟಿ ದರ ಬಿದ್ದೈತಿ. ಬರೋ ವರ್ಷದ ಪೀಕು ಬರ್ಲಿ.”

ಬರುವ ವರ್ಷ! ಮುಲ್ಕಿ ಪರೀಕ್ಷೆ ಶೇಂಗಾದ ಪೇಟೆ ಏಳಲಿ ಎಂದು ಕಾಯುತ್ತದೆಯೆ? ದಾನದಲ್ಲಿ ನನಗಾಗದ ಮಾತು ಇದೇ. ಅದು ಕೊಡುವವನ ಹಂಗಾಮು ನೋಡಿ ಬರುತ್ತದೆ, ಬೇಕಾದವರ ಹಂಗಾಮು ನೋಡಿ ಅಲ್ಲ. ತೆರಿಗೆ ಎತ್ತುವವರಿಗೆ ಇದನ್ನು ಕಟ್ಟುವ ಹೊಣೆಯಿಲ್ಲವೆ ಎಂದು ಶಾಲೆ ನಡೆಸುವ ಲೋಕಲ್ ಬೋರ್ಡಿಗೂ ಅರ್ಜಿ ಬರೆದೆ. ಅದಕ್ಕೆ ಉತ್ತರ ಬಂದಿದ್ದರೆ ಇಲ್ಲಿ ಬರೆಯುತ್ತಿದ್ದೆ.

ರಜೆ ಸಿಕ್ಕಾಗಲೆಲ್ಲ ಬಂದು ತಂಗಿಗೆ ಮನೆಯಲ್ಲೇ ಓದಿಸಿದೆ. ಪರೀಕ್ಷೆಗೆ ಕೂರುವುದಕ್ಕಷ್ಟೇ ಅವ್ವ ಒಪ್ಪಿದಳು. ಕೇಂದ್ರ ಶಿಗ್ಗಾಂವಿಯಲ್ಲಿ. ಹಿಂದಿನ ದಿನ ಸಂಜೆಯಿಂದಲೇ ಅವಳು ನೀರು ಬಿಟ್ಟಿದ್ದಳು. ಅಲ್ಲಿ ಹೇಗಿದೆಯೋ ಯಾರಿಗೆ ಗೊತ್ತು ಎಂಬ ಹೆದರಿಕೆ. ಮುಂಜಾನೆಯ ಕನ್ನಡದ ಪತ್ರಿಕೆ ಚೆನ್ನಾಗಿಯೇ ಹೋಯಿತು. ಮಧ್ಯಾಹ್ನ ಲೆಕ್ಕ. ಬಿಸಿಲು ಬೆಂಕಿಯಂತಿತ್ತು. ಗಂಟೆ ಹೊಡೆಯುವ ಬಹಳ ಮೊದಲೇ ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ತುಟಿ ಬಿಳಿಚಿತ್ತು.

“ಅಂಕಿ ಕುಣಿಯಾಕತ್ತಿದ್ದುವು ಅಣ್ಣಾ,” ಎಂದಳು.

ಲೆಕ್ಕದಲ್ಲಿ ನಪಾಸಾದಳು.

ಸಾಹುಕಾರರು ಮಾತಿಗೆ ತಪ್ಪಲಿಲ್ಲ, ಅದನ್ನೂ ಹೇಳಬೇಕು. ಮರುವರ್ಷ ಶೇಂಗಾ ಮಾರಿದ ಮೇಲೆ ಗೌಂಡಿಗಳು ಬಂದರು. ಹಳೆಯದರ ಪಕ್ಕದಲ್ಲೇ ಹೊಸದು ಎದ್ದಿತು. ಹೆಸರಿಲ್ಲ, ಕಲ್ಲಿಲ್ಲ, ತೋರಣವಿಲ್ಲ. ಒಂದು ಸೋಮವಾರ ಬಾಗಿಲು ತೆರೆದೇ ಇತ್ತು. ಹುಡುಗಿಯರು ಹೋದರು, ಬಂದರು. ಯಾರ ನಾಲಿಗೆಯೂ ಬೀಳಲಿಲ್ಲ. ತಂಗಿಗಿಂತ ಒಂದು ಇಯತ್ತೆ ಕೆಳಗಿದ್ದ ಇಬ್ಬರು ಹುಡುಗಿಯರು ಆ ವರ್ಷ ಶಾಲೆ ಬಿಡದೆ ಮುಲ್ಕಿ ಪಾಸಾದರು. ಹಳೆಯದರ ಮುಂದೆ ಶುಕ್ರವಾರ ದೀಪ ಹಚ್ಚುವುದೂ ನಡೆದೇ ಇತ್ತು.

ಆದರೆ ಗೌಂಡಿಗಳು ಇನ್ನೂ ಗೋಡೆ ಏರಿಸುತ್ತಿದ್ದಾಗಲೇ ತಂಗಿಗೆ ಮಾಸೂರಿನಿಂದ ವರ ಬಂದಿತ್ತು.

“ಯವ್ವಾ, ಮಾತ ಕೊಟ್ಟಿದ್ದಿ. ಬಳಸೋಹಂಗ ಆದ್ರ ಶಾಲಿಗೆ ಕಳಸ್ತೇನಿ ಅಂದಿದ್ದಿ.”

“ಅಂದಿದ್ದೆ. ಇಲ್ಲ ಅನ್ನಾಕತ್ತೇನಿ ಏನ? ಆದ್ರ ಮಡಗದ ಕೆರಿ ನೀರ ಹಾಯೂ ಹೊಲದ ಮನಿ. ಅಂಥಾದ್ದು ಮತ್ತ ಬರ್ತೈತೇನ?”

ಮದುವೆಯಾಯಿತು. ನನ್ನ ಮಾತೆಲ್ಲ ಕೇಳಿಸಿಕೊಂಡೇ ಮದುವೆ ಮಾಡಿದರು.

ಈ ಸಲ ಪಂಚಮಿಗೆ ತಂಗಿ ತವರಿಗೆ ಬಂದಳು. ಜೋಕಾಲಿಯ ಹತ್ತಿರ ಹೋಗದೆ ನನ್ನನ್ನು ಹುಡುಕಿಕೊಂಡು ಬಂದಳು.

“ನಮ್ಮ ನಾದಿನಿ ಏಳನೇತ್ತೆ ಅದಾಳ. ಅಲ್ಲೂ ಇದ ಹಣೇಬಾರ. ನೀ ಒಮ್ಮೆ ಸವಣೂರಿಗೆ ಹೋಗಿ ಬಾ.”

“ಯಾಕ ಹೋಗಬೇಕು? ಇದು ಬೋರ್ಡಿನ ಕೆಲಸ. ಮತ್ತೊಬ್ಬರ ಮುಂದ ಕೈಯೊಡ್ಡಿ...”

“ಬೋರ್ಡಿಗೂ ಬರಿ. ಯಾರ ಬ್ಯಾಡಂದ್ರು? ಆದ್ರ ಆಕೀ ಪರೀಕ್ಷಾ ಈ ವರ್ಷ ಐತಿ, ಅಣ್ಣಾ. ನೀ ಹೋಗಿ ಬರೇ ಕೇಳು. ಭಾಷಣ ಬ್ಯಾಡ.”

ಹೋದೆ. ಬಸ್ಸಿನುದ್ದಕ್ಕೂ ನನ್ನ ಮೇಲೆ, ಬೋರ್ಡಿನ ಮೇಲೆ, ಮಾಸೂರಿನ ಮೇಲೆ, ಎಲ್ಲದರ ಮೇಲೂ ಉರಿಯುತ್ತ ಹೋದೆ. ಸಾಹುಕಾರರು ಗಾದಿಯ ಮೇಲೆ ಮೊದಲಿಗಿಂತ ಹೆಚ್ಚು ಕೆಮ್ಮುತ್ತಿದ್ದರು.

“ಏನಪಾ, ಮತ್ತ ವಾದಕ್ಕ ಬಂದೇನ?”

“ಇಲ್ರಿ. ಬೇಡಾಕ ಬಂದೇನಿ.” ಮಾಸೂರಿನ ಸಂಗತಿ ಹೇಳಿದೆ.

“ಅದು ನಮ್ಮವ್ವನ ಊರಲ್ಲಲ್ಲೋ.”

“ಅಲ್ರಿ.”

“ಹೆಸರು?”

“ಹಾಕಂಗಿಲ್ರಿ.”

“ಶೇಂಗಾ ಇನ್ನೂ ಹೊಲದಾಗ ಐತಿ. ಬರ್ಲಿ, ನೋಡೂಣು,” ಎಂದರು.

“ಬಂದ ಮ್ಯಾಲೆ ಪ್ಯಾಟಿ ಬಿದ್ರ? ಹುಡುಗಿ ಪರೀಕ್ಷಾ ಪ್ಯಾಟಿ ಕೇಳ್ತೈತೇನ್ರಿ?”

“ಸುರು ಮಾಡಿದಿ ನೋಡು ವಾದಾ!” ಎಂದು ನಕ್ಕು, ಹುಡುಗನಿಗೆ ಚಹಾ ತರಲು ಹೇಳಿದರು.

ಬಾಯಿ ಮುಚ್ಚಿದೆ. ಚಹಾ ಬಂತು, ಕುಡಿದೆ. ಖಾಲಿ ಬಸಿಯನ್ನು ಬದಿಗಿಟ್ಟು, ಅವರು ಹೂಂ ಅನ್ನುವ ತನಕ ಏಳಬಾರದೆಂದು ಗಾದಿಯ ಅಂಚಿಗೆ ಕಾಲು ಮಡಚಿ ಕೂತೆ.