ಹೆಬ್ಬೆರಳಿನ ಉಗುರಿಗೆ ನಾನೇ ಡಾಕ್ಟರಾದ ಕಥೆ

ಸ್ನೇಹಿತರೇ, ಇವತ್ತು ಚೆನ್ನೈನ ವೆಸ್ಟ್ ಮಾಂಬಲಂನ ಒಂದು ಕ್ಲಿನಿಕ್ಕಿನಲ್ಲಿ ನನ್ನ ಮಾನ ಹೋಯಿತು.

ಕಾಲಿನ ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದು ಚುಚ್ಚುತ್ತಿತ್ತು. "ಡಾಕ್ಟರ ಹತ್ರ ಹೋಗಿ ಮಾರಾಯ್ರೆ" ಅಂದಳು ಹೆಂಡತಿ. "ಒಂದು ಉಗುರಿಗೆ ಡಾಕ್ಟರಾ?" ಅಂತ ನಾನೇ ನೇಲ್ ಕಟರ್ ಹಿಡಿದು ಮೂಲೆಯನ್ನು ಆಳಕ್ಕೆ ಕತ್ತರಿಸಿದೆ. ಬೆರಳು ಕೆಂಪಗೆ ಊದಿ ಕೀವು ಕಟ್ಟಿತು. ಇವತ್ತು ಚಪ್ಪಲಿ ಹಾಕಲೂ ಆಗದೆ, ಮಗಳ ಭುಜ ಹಿಡಿದು ಕುಂಟುತ್ತಾ ಹೋದೆ.

"ಯಾರು ಸಾರ್ ಹೀಗೆ ಕತ್ತರಿಸಿದ್ದು?" ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು.

"ಪಾರ್ಲರಿನಲ್ಲಿ" ಅಂದೆ.

ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. "ಅಪ್ಪಾದಾನ್ ಡಾಕ್ಟರ್!" ಅಂದುಬಿಟ್ಟಳು, ಅಂದರೆ ಅಪ್ಪನೇ ಡಾಕ್ಟರು ಅಂತ.

ಡಾಕ್ಟರಮ್ಮ ನಗು ತಡೆದುಕೊಂಡು, "ಮೂಲೆ ಕತ್ತರಿಸಿದರೆ ಉಳಿದ ಚೂಪು ಮಾಂಸಕ್ಕೇ ನುಗ್ಗುತ್ತದೆ. ಉಗುರನ್ನು ನೇರವಾಗಿ ಕತ್ತರಿಸಬೇಕು. ಬಿಗಿಯಾದ ಶೂ ಬೇಡ" ಅಂದರು. ಆಮೇಲೆ ಬೆರಳು ಮರಗಟ್ಟಲು ಇಂಜೆಕ್ಷನ್ ತೆಗೆದರು. ನಾನು ಕಣ್ಣು ಮುಚ್ಚಿ "ಅಮ್ಮಾ!" ಅಂತ ಕಿರುಚಿದೆ.

"ಸಾರ್, ಇನ್ನೂ ಸ್ಪಿರಿಟ್ ಹಚ್ಚುತ್ತಿದ್ದೇನೆ."

ಸೂಜಿ ಚುಚ್ಚಿದ್ದಷ್ಟೇ ನೋವು. ಉಗುರಿನ ಅಂಚು ತೆಗೆದದ್ದು ಗೊತ್ತೇ ಆಗಲಿಲ್ಲ. ಬ್ಯಾಂಡೇಜ್ ಸುತ್ತಿಸಿಕೊಂಡು ಹೊರಗೆ ಬಂದರೆ, ಬೆಂಚಿನ ಮೇಲೆ ಪುಟ್ಟ ಹುಡುಗಿಯೊಬ್ಬಳು ಅಮ್ಮನನ್ನು ತಬ್ಬಿಕೊಂಡು ಅಳುತ್ತಿದ್ದಳು.

"ನಿಮ್ಮ ಕೂಗು ಕೇಳಿ ಹೆದರಿದ್ದಾಳೆ. ನೋವಾಗಲ್ಲ ಅಂತ ನೀವೇ ಹೇಳಿ ಸಾರ್" ಅಂದರು ಆ ತಾಯಿ.

ಹೇಳಿದೆ. ಅವಳು ಇನ್ನೂ ಜೋರಾಗಿ ಅತ್ತಳು. ತಲೆಯೆಲ್ಲ ನರೆತ ಗಂಡಸು ಕಣ್ಣೊರೆಸಿಕೊಳ್ಳುತ್ತಾ ಹೇಳಿದರೆ ಯಾವ ಮಗು ತಾನೇ ನಂಬುತ್ತದೆ?