ಮೋಟಾರನ್ನು ಹೀಟರ್ ಎಂದು ಬರೆದದ್ದು

ಕಾಕ್ಕನಾಡಿನ ನಮ್ಮ ಆಫೀಸಿನಲ್ಲಿ ನನ್ನ ಕೆಲಸವೆಂದರೆ ಕರೆಂಟು ಹೋಗುವ ಮೊದಲೇ, ಅದು ಹೋಗುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ನೋಡುವುದು. ಲೈನಿನಲ್ಲಿ ಫಾಲ್ಟ್ ಆಗಿ ವೋಲ್ಟೇಜ್ ಕುಸಿದರೆ ಮತ್ತೆ ಮೇಲೇಳುತ್ತದೆಯೋ, ಊರನ್ನೇ ಕತ್ತಲಿಗೆ ಎಳೆಯುತ್ತದೆಯೋ ಎಂಬ ಲೆಕ್ಕ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಎಂ.ಟೆಕ್. ಮಾಡಿದ್ದೇನೆ, ಆ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ.

ಆ ಬೇಸಿಗೆ, ಹೊಸ ಫ್ಲ್ಯಾಟುಗಳು ಎದ್ದಿದ್ದ ಕಡೆಯ ಒಂದು ಸಬ್‌ಸ್ಟೇಷನ್ನಿಗೆ ವೋಲ್ಟೇಜ್ ಎತ್ತಿಹಿಡಿಯುವ ಉಪಕರಣ ಬೇಕೋ ಬೇಡವೋ ಎಂದು ನನ್ನ ವರದಿ ಹೇಳಬೇಕಿತ್ತು. ಅಲ್ಲಿನ ಆಪರೇಟರ್ ಡಿಪ್ಲೊಮಾ ಓದಿದ ಹೆಂಗಸು, ಕಾಸರಗೋಡಿನ ಕಡೆಯವರು, ನನಗಿಂತ ಹಿರಿಯರು. ಹೋದಾಗಲೆಲ್ಲ ಕನ್ನಡದಲ್ಲಿ ಮಾತಾಡಿಸಿ, ಹಾಲಿಲ್ಲದ ಕಟ್ಟನ್ ಚಾಯ ಕೊಡುತ್ತಿದ್ದರು. ಒಮ್ಮೆ ಹೇಳಿದರು: “ಇಲ್ಲಿ ಲೋಡ್ ಪೂರಾ ಫ್ಲ್ಯಾಟಿನ ಎ.ಸಿ.ಗಳು. ವೋಲ್ಟೇಜ್ ಬಿದ್ರೆ ಅದರ ಮೋಟಾರ್ ತಿರುಗ್ಲಿಕ್ಕೆ ಆಗದೆ ನಿಂತು, ಇನ್ನೂ ಜಾಸ್ತಿ ಕರೆಂಟ್ ಎಳೀತದೆ. ನಿಮ್ಮ ಲೆಕ್ಕದಲ್ಲಿ ಅದುಂಟಾ?”

“ಡಿಪ್ಲೊಮಾದಾಗ ಇದೆಲ್ಲ ಬರಂಗಿಲ್ಲ, ನಮಗ ಬಿಡ್ರಿ ಅಕ್ಕ,” ಎಂದೆ.

ಲೆಕ್ಕದಲ್ಲಿ ಅದು ಇರಲಿಲ್ಲ. ಮೊದಲು ಮೋಟಾರುಗಳನ್ನು ಮೋಟಾರುಗಳೆಂದೇ ಹಾಕಿ ನೋಡಿದ್ದೆ. ಪ್ರೋಗ್ರಾಮ್ ಉತ್ತರಕ್ಕೆ ಬಂದು ನಿಲ್ಲದೆ ಅರ್ಧದಲ್ಲೇ ಕೈಚೆಲ್ಲುತ್ತಿತ್ತು. ಎರಡು ದಿನ ಹೆಣಗಿ, ಕೊನೆಗೆ ಎಲ್ಲ ಲೋಡನ್ನೂ ಹೀಟರಿನಂತೆ, ಅಂದರೆ ವೋಲ್ಟೇಜ್ ಇಳಿದರೆ ತಾನೂ ತಗ್ಗಿ ನಡೆಯುವ ಬಡಪಾಯಿಯಂತೆ ಬರೆದುಬಿಟ್ಟೆ. ಪರದೆಯಲ್ಲಿ ವೋಲ್ಟೇಜಿನ ಗೆರೆ ಚೆಂದವಾಗಿ ಮೇಲೆದ್ದಿತು. ಉಪಕರಣ ಬೇಡ ಎಂದು ವರದಿ ಕಳಿಸಿದೆ.

ಆ ವರದಿಯ ಬಗ್ಗೆ ತಿರುವನಂತಪುರದಲ್ಲಿ ನಡೆದ ಸಭೆಗೆ ಆಪರೇಟರ್ ಅಕ್ಕನೂ ಲಾಗ್‌ಬುಕ್ ಹಿಡಿದು ಬಂದಿದ್ದರು. ಹಿರಿಯ ಅಧಿಕಾರಿಯೊಬ್ಬರು ಎರಡನೇ ಪುಟದಲ್ಲೇ ಬೆರಳಿಟ್ಟು, ಎ.ಸಿ.ಗಳೆಲ್ಲಿ ಎಂದು ಕೇಳಿದರು. ಸಬ್‌ಸ್ಟೇಷನ್ನಿನಿಂದ ನಮಗೆ ಆ ಮಾಹಿತಿ ಬಂದಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಿದೆ. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಧಿಕಾರಿ ಅವರಿಗೆ ಮಲಯಾಳದಲ್ಲಿ ಚೆನ್ನಾಗಿಯೇ ಬೈದರು. ಅಕ್ಕ ನನ್ನನ್ನೊಮ್ಮೆ ನೋಡಿ “ಶರಿ ಸಾರ್” ಎಂದರು, ಅಷ್ಟೇ.

ವಾಪಸು ರೈಲಿನಲ್ಲಿ ಎದುರುಬದುರು ಸೀಟು. ಕೊಲ್ಲಂ ದಾಟಿದ ಮೇಲೆ ಅವರೇ ಕೇಳಿದರು: “ನಿಮ್ಮ ಅಪ್ಪ ಮೋಟಾರ್ ಕಟ್ತಿದ್ರು ಅಂತ ನೀವೇ ಹೇಳಿದ್ದಲ್ವಾ?”

ಹೌದು. ಅಪ್ಪ ಹರಿಹರದಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ವೋಲ್ಟೇಜ್ ಸಾಲದಿದ್ದರೆ ಮೋಟಾರು ಗುಂಯ್ ಎಂದು ನಿಂತಲ್ಲೇ ಸುಡುತ್ತದೆ ಎಂಬುದನ್ನು ಸಹಿ ಹಾಕಲೂ ಬಾರದ ಅವನಿಂದ ನಾನು ಏಳನೇ ಕ್ಲಾಸಿನಲ್ಲೇ ಕಲಿತಿದ್ದೆ. ಕಿಟಕಿಯಾಚೆ ನೋಡುತ್ತ ಕೂತೆ.

ಮರುವಾರ, ಲೆಕ್ಕದ ಹೆಜ್ಜೆಗಳನ್ನು ತೀರಾ ಸಣ್ಣದಾಗಿಸಿ, ಮೋಟಾರುಗಳನ್ನು ಹಾಕಿ ಓಡಿಸಿದೆ. ಈ ಸಲ ಪ್ರೋಗ್ರಾಮ್ ಕೊನೆಮುಟ್ಟಿತು, ವೋಲ್ಟೇಜ್ ಮಾತ್ರ ಏಳಲೇ ಇಲ್ಲ. ತಿದ್ದಿದ ವರದಿಯ ಜೊತೆಗಿನ ಪತ್ರದಲ್ಲಿ ‘ಆಪರೇಟರ್ ಮೊದಲೇ ಹೇಳಿದ್ದರು, ನಾನೇ ಕೇಳಲಿಲ್ಲ’ ಎಂದು ಟೈಪ್ ಮಾಡಿದೆ. ಅಳಿಸಿದೆ. ‘ಸಬ್‌ಸ್ಟೇಷನ್ನಿನಿಂದ ಹೊಸದಾಗಿ ಬಂದ ಮಾಹಿತಿಯಂತೆ’ ಎಂದು ಬರೆದು ಕಳಿಸಿದೆ. ಉಪಕರಣ ಮಂಜೂರಾಯಿತು. ತಪ್ಪನ್ನು ಇಷ್ಟು ಬೇಗ ಹಿಡಿದೆನೆಂದು ಆ ಅಧಿಕಾರಿ ಫೋನ್ ಮಾಡಿ ಹೊಗಳಿದರು. ಥ್ಯಾಂಕ್ಯೂ ಸಾರ್ ಎಂದೆ.