ಅಬಕರನ ಉತ್ತರಪತ್ರಿಕೆ

ಮಲೇಷ್ಯಾದ ಸುಬಾಂಗ್ ಜಯಾ ಎಂಬ ಊರಿನ ಖಾಸಗಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ರೆಮಿಜಿಯಸ್ ಮೇಷ್ಟ್ರಿಗೆ ಒಂದೇ ಒಂದು ಹೆಮ್ಮೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾರಿಗೂ ಧರ್ಮಕ್ಕೆ ಅರ್ಧ ಅಂಕ ಕೊಟ್ಟವರಲ್ಲ. ಮಂಗಳೂರಿನಲ್ಲಿ ಕಲಿತ ಶಿಸ್ತು ಎನ್ನುತ್ತಿದ್ದರು. ಶಿಸ್ತೋ ಹಟವೋ, ದೇವರೇ ಬಲ್ಲ.

2021ರ ಜನವರಿ. ಊರಿಡೀ ಲಾಕ್‌ಡೌನ್, ಪರೀಕ್ಷೆಯೂ ಮನೆಯಿಂದ ಕಂಪ್ಯೂಟರಿನಲ್ಲೇ. ಅಸ್ಥಿರವಾದ ಆಫ್ರಿಕನ್ ದೇಶವೊಂದರಲ್ಲಿ ಸಶಸ್ತ್ರ ದಂಗೆ ಏಳಲು ಕಾರಣಗಳೇನು ಎಂಬುದು ಪ್ರಶ್ನೆ. ಮೇಷ್ಟ್ರ ಮಾದರಿ ಉತ್ತರದಲ್ಲಿ ಬಡತನ, ಬುಡಕಟ್ಟುಗಳ ಒಡಕು, ಪೆಟ್ರೋಲ್ ಎಣ್ಣೆಯ ಆಸೆ ಮುಂತಾಗಿ ಐದು ಕಾರಣಗಳಿದ್ದವು. ಒಂದೊಂದಕ್ಕೂ ಪುಸ್ತಕದ ಆಧಾರ ಕೊಡಬೇಕಿತ್ತು.

ಚಾಡ್ ದೇಶದಿಂದ ಬಂದಿದ್ದ ಅಬಕರ್ ಮಾತ್ರ ತನ್ನೂರಿನ ಬಾವಿಯ ಬಗ್ಗೆ ಬರೆದಿದ್ದ. ಬಾವಿಯನ್ನು ಸೈನಿಕರು ಕಿತ್ತುಕೊಂಡರು. ಅಪ್ಪ ಅರ್ಜಿ ಹಿಡಿದು ಮೂರು ಸಲ ಕಚೇರಿಗೆ ಅಲೆದರು. ಸರಿಯಾದ ನಮೂನೆಯಲ್ಲಿಲ್ಲವೆಂದು ಮೂರು ಸಲವೂ ಅದನ್ನು ವಾಪಸು ಕೊಟ್ಟರು. ಆಮೇಲೆ ಅಪ್ಪ ಹೋಗಲಿಲ್ಲ, ಅಣ್ಣ ಹೋದ, ದಂಗೆಕೋರರ ಜೊತೆ. ಇಷ್ಟೇ ಉತ್ತರ. ಮೇಷ್ಟ್ರು ಮೂವತ್ತೆಂಟು ಹಾಕಿದರು. ಪಾಸಾಗಲು ನಲವತ್ತು ಬೇಕು.

ಅಬಕರ್ ಫೋನ್ ಮಾಡಿದ. "ಸರ್, ಫೇಲಾದರೆ ಇಲ್ಲಿ ನನ್ನ ವೀಸಾ ಮುಂದುವರಿಯುವುದಿಲ್ಲ. ಊರಿಗೆ ಹೋದರೆ ನನ್ನ ಕೈಗೂ ಬಂದೂಕು ಕೊಡುತ್ತಾರೆ."

ಶುಕ್ರವಾರದವರೆಗೆ ಅಂಕ ತಿದ್ದಲು ಅವಕಾಶವಿತ್ತು. ಹೆಂಡತಿ ಕ್ಯಾಥರಿನ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಎರಡು ಮಾರ್ಕಲ್ವಾ ಮಾರಾಯ್ರೆ, ಹಾಕಿಬಿಡಿ. ನಿಮ್ಮ ಗಂಟೇನು ಹೋಗ್ತದೆ?"

"ಇವನಿಗೆ ಹಾಕಿದ್ರೆ ನಾಳೆ ಎಲ್ರೂ ಕೇಳ್ತಾರೆ. ಅವ ಬರೆದದ್ದು ಕಥೆ, ಆನ್ಸರ್ ಅಲ್ಲ."

"ಕಥೆಯಲ್ಲಿ ಸುಳ್ಳುಂಟಾ?"

ಮೇಷ್ಟ್ರು ಶುಕ್ರವಾರ ಅಂಕಪಟ್ಟಿ ಹಾಗೆಯೇ ಕಳಿಸಿ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ರೊಟ್ಟಿ ಪಾರ್ಸೆಲ್ ಕಟ್ಟಿಸಿಕೊಂಡು ಬಂದು, ಸಮಾಧಾನವಾಗಿ ತಿಂದರು.

ಮಾರ್ಚಿನಲ್ಲಿ ಅಬಕರ್ ವಿಮಾನ ಹತ್ತಿದ. ಏಪ್ರಿಲಿನಲ್ಲಿ ಚಾಡಿನ ಉತ್ತರದಿಂದ ದಂಗೆಕೋರರು ನುಗ್ಗಿದ ಸುದ್ದಿ ಬಂತು. ಮೇಷ್ಟ್ರು ದಿನಕ್ಕೆ ಹತ್ತು ಸಲ ಮೊಬೈಲ್ ನೋಡತೊಡಗಿದರು, ಅಬಕರನಿಗೆ ಮೆಸೇಜ್ ಮೇಲೆ ಮೆಸೇಜ್ ಕಳಿಸಿದರು. ಒಂದಕ್ಕೂ ಉತ್ತರವಿಲ್ಲ. ಜೂನಿನಲ್ಲಿ ಅವನ ಸಹಪಾಠಿಯೊಬ್ಬ ಫೋನ್ ಮಾಡಿ ಹೇಳಿದ: ಅಣ್ಣನ ಗುಂಪಿನವರು ಅಬಕರನನ್ನು ಮನೆಯಿಂದಲೇ ಕರೆದೊಯ್ದರಂತೆ. ಹದಿನೈದು ದಿನಕ್ಕೆ ಗುಂಡು ತಗಲಿ ಸತ್ತನಂತೆ. ಇಪ್ಪತ್ತೊಂದು ವರ್ಷ.

ಮೇಷ್ಟ್ರು ಆ ಉತ್ತರಪತ್ರಿಕೆಯನ್ನು ಮತ್ತೆ ತೆರೆದರು. ಅಪ್ಪನ ಅರ್ಜಿಯ ಸಾಲಿನ ಕೆಳಗೇ ಅವರದೇ ಕೆಂಪು ಅಕ್ಷರಗಳಿದ್ದವು: ಉತ್ತರ ಸರಿಯಾದ ನಮೂನೆಯಲ್ಲಿಲ್ಲ.

"ಕ್ಯಾಥರಿನ್, ಇಲ್ಲಿ ಬಾ," ಎಂದರು.

ಕ್ಯಾಥರಿನ್ ಬಂದು ಓದಿದರು. ಮೇಷ್ಟ್ರು ಆ ಕೆಂಪು ಸಾಲನ್ನು ಅಳಿಸಲು ನೋಡಿದರು, ತಿದ್ದುವ ಅವಧಿ ಮುಗಿದಿದೆ ಎಂದು ಕಂಪ್ಯೂಟರ್ ಹೇಳಿತು. ಮತ್ತೆ ಒತ್ತಿದರು, ಅದೇ ಮಾತು. ಮೂರನೆಯ ಸಲ ಒತ್ತುವಾಗ ಕ್ಯಾಥರಿನ್ ಅವರ ಕೈ ಹಿಡಿದುಕೊಂಡರು.